ಎರಡನೇ ಸಲ ಕರೆ ಬರಬೇಕು

ಬೆಂಗಳೂರಿನಲ್ಲಿ ಮೃದಂಗ ನುಡಿಸಿಯೇ ಸಂಸಾರ ನಡೆಸುತ್ತಿದ್ದೇನೆ. "ಅದು ಸರಿ, ಕೆಲಸ ಏನ್ ಮಾಡ್ತೀರಿ?" ಅಂತ ಈಗಲೂ ಕೇಳುವವರಿದ್ದಾರೆ.

ಶುರುವಿನಲ್ಲಿ ಒಬ್ಬರು ಹಿರಿಯ ಗಾಯಕಿಗೆ ಪಕ್ಕವಾದ್ಯಕ್ಕೆ ಕೂತಿದ್ದೆ. ಕಲಿತದ್ದನ್ನೆಲ್ಲ ಅವತ್ತೇ ಸುರಿದುಬಿಟ್ಟೆ. ಅವರು ವಿಳಂಬದಲ್ಲಿ ಕೃತಿ ಹಾಡುತ್ತಿದ್ದರೆ, ಸಂದು ಸಿಕ್ಕಲ್ಲೆಲ್ಲ ನಾನು ಲಯದ ನಡೆ ತುರುಕುತ್ತಿದ್ದೆ. ತನಿಗೆ, ಅಂದರೆ ಮೃದಂಗ ಒಂದೇ ನುಡಿಯುವ ಭಾಗಕ್ಕೆ, ಚಪ್ಪಾಳೆಯೂ ಬಿತ್ತು. ಕಛೇರಿ ಮುಗಿದ ಮೇಲೆ ಅವರು, "ಕೈ ಚೆನ್ನಾಗಿದೆ ಕಣಪ್ಪ. ನಾನು ಹಾಡಿದ್ದು ನಿನಗೆ ಕೇಳಿಸ್ತಾ?" ಎಂದರು. ಅಷ್ಟೇ. ಮೂರು ವರ್ಷ ಅವರಿಂದ ಫೋನ್ ಬರಲಿಲ್ಲ.

ಆಮೇಲೆ ನಾನು ಹಾಡುಗಾರಿಕೆ ಪಾಠಕ್ಕೆ ಸೇರಿದೆ. ಗಂಟಲು ಕಾಗೆಯದು, ಆದರೂ ಕೃತಿಗಳು ಬಾಯಿಗೆ ಬಂದವು. ಸಾಹಿತ್ಯ ಗೊತ್ತಿದ್ದರೆ ಎಲ್ಲಿ ಕೈ ತಡೆಯಬೇಕು ಅನ್ನೋದು ತಾನಾಗಿ ತಿಳಿಯುತ್ತದೆ.

ವಾದ್ಯದ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ. ಶ್ರುತಿಯ ಎತ್ತರವನ್ನು ನಾವು 'ಮನೆ' ಲೆಕ್ಕದಲ್ಲಿ ಹೇಳುತ್ತೇವೆ. ಒಂದು ಮೃದಂಗದ ಶ್ರುತಿಯನ್ನು ಅರ್ಧ ಮನೆ, ಒಂದು ಮನೆ ಏರಿಳಿಸಬಹುದು, ಜಾಸ್ತಿ ಆಗದು. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ ಮನೆಗೆ ಹಾಡುತ್ತಾರೆ. ಹೆಂಗಸರು ಐದು, ಐದೂವರೆಗೆ. ಅಂದರೆ ಎರಡು ಮೃದಂಗ ಬೇಕೇ ಬೇಕು. ಜೊತೆಗೆ ಆಗಾಗ ಮುಚ್ಚಿಗೆ, ಅಂದರೆ ಬಾಯಿಗೆ ಬಿಗಿದ ಚರ್ಮ, ಬದಲಿಸಬೇಕು. ಮಳೆಗಾಲದಲ್ಲಿ ಚರ್ಮ ಸಡಿಲ, ಏಸಿ ಹಾಲ್‌ನಲ್ಲಿ ಇನ್ನೊಂದು ಥರ. ಹಾಗಾಗಿ ಒಂದು ಗಂಟೆ ಮುಂಚೆ ಹೋಗಿ, ರವೆ ಕಲಸಿ ಎಡಗಡೆಗೆ ಹಚ್ಚಿ, ಕೂತಿರುತ್ತೇನೆ.

ಆಕಾಶವಾಣಿ ಕಲಾವಿದರಿಗೆ ಕೊಡುವ ಬಿ ಗ್ರೇಡ್ ಸಿಕ್ಕಿದ್ದು ಒಳ್ಳೆಯದಾಯಿತು, ಸಂಘಟಕರು ಅದನ್ನು ಕೇಳುತ್ತಾರೆ. ಆದರೆ ಬಾಡಿಗೆ ಕಟ್ಟಿದ್ದು ಭರತನಾಟ್ಯ. ಒಂದು ರಂಗಪ್ರವೇಶಕ್ಕೆ ಹಲವಾರು ರಿಹರ್ಸಲ್, ಪ್ರತಿಯೊಂದಕ್ಕೂ ದುಡ್ಡು. "ಡಾನ್ಸಿಗೆ ನುಡಿಸಿ ಕೈ ಕೆಡಿಸಿಕೊಂಡ" ಎಂದು ಗೆಳೆಯರು ಆಡಿಕೊಂಡರು. ಕೆಡಲಿಲ್ಲ, ಜತಿ (ಹೆಜ್ಜೆಗೆ ಹೊಂದುವ ಬೋಲು) ನುಡಿಸಿ ತಾಳದ ಲೆಕ್ಕ ಗಟ್ಟಿಯಾಯಿತು. ಮನೆಯಲ್ಲಿ ಪಾಠವೂ ಇದೆ. ರಾಮನವಮಿಗೆ, ಗಣೇಶನ ಹಬ್ಬಕ್ಕೆ ಕಛೇರಿ ಮೇಲೆ ಕಛೇರಿ. ಆಷಾಢದಲ್ಲಿ ಫೋನು ಸುಮ್ನಿರುತ್ತದೆ, ಮನೆ ಓನರ್ ಸುಮ್ನಿರಲ್ಲ ಅಲ್ವಾ?

ನಾಲ್ಕನೇ ವರ್ಷದ ರಾಮನವಮಿ. ಬೆಳಿಗ್ಗೆ ಅದೇ ಗಾಯಕಿಯ ಫೋನ್. ಅವರ ಮೃದಂಗದವರಿಗೆ ಜ್ವರ. ಸಂಜೆ ಪೆಂಡಾಲಿನಲ್ಲಿ ಅವರು ಚರಣವನ್ನು ಮೆಲ್ಲಗೆ ಎತ್ತಿಕೊಂಡಾಗ ನಾನು ತಾಳದ ಎರಡು ಸುತ್ತು ಕೈ ಕಟ್ಟಿ ಕೂತೆ. ತನಿಗೆ ಹತ್ತು ನಿಮಿಷ ಕೊಟ್ಟರು, ಎಂಟಕ್ಕೇ ಮುಗಿಸಿದೆ.

ಕವರ್ ಕೈಗೆ ಬಂತು. ಆಟೋಗೆ ಎರಡೂ ಮೃದಂಗ ಏರಿಸುತ್ತಿದ್ದಾಗ ಅವರು ಹತ್ತಿರ ಬಂದು, "ಮುಂದಿನ ಶನಿವಾರ ಖಾಲಿ ಇದ್ದೀಯಾ?" ಎಂದರು.