ಬೆಳಗಾವಿಗೆ ಹೊಸದಾಗಿ ಬಂದವರೇ, ಮಳೆಗೆ ಮೊದಲು ಕಿಟಕಿಯ ತೂತು ನೋಡಿ

ಮೃಗಶಿರಾ ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಸಂಘದ ಫೋನಿಗೆ ಒಂದೇ ಬಗೆಯ ಕರೆಗಳು ಶುರುವಾಗುತ್ತವೆ. ‘ಹೊಸ ಫ್ಲ್ಯಾಟು, ಜೋಡಿ ಗಾಜಿನ ಕಿಟಕಿ, ಆದರೂ ಒಳಗೆ ನೀರು ಬರುತ್ತಿದೆ. ಸಿಲಿಕೋನ್ ಹಚ್ಚುವವರು ಯಾರಾದರೂ ಗೊತ್ತೇ?’ ಗೊತ್ತಿದ್ದಾರೆ. ಆದರೆ ಅವರ ನಂಬರು ಕೊಡುವ ಮೊದಲು ಈ ಬರಹವನ್ನು ಓದಿಸುವುದು ಈಗ ನಮ್ಮ ರೂಢಿ. ಬಹಳಷ್ಟು ಮನೆಗಳಲ್ಲಿ ತೊಂದರೆ ಸಿಲಿಕೋನ್ ಇಲ್ಲದ್ದರಿಂದ ಆಗಿರುವುದಿಲ್ಲ, ಇರಬಾರದ ಕಡೆ ಅದು ಇರುವುದರಿಂದ ಆಗಿರುತ್ತದೆ.

ವಿಜಯಪುರ, ರಾಯಚೂರು, ಬಳ್ಳಾರಿ ಕಡೆಯಿಂದ ವರ್ಗವಾಗಿ ಬಂದವರಿಗೆ ಕಿಟಕಿ ಎಂದರೆ ಬಿಸಿಲು ಮತ್ತು ಧೂಳನ್ನು ತಡೆಯುವ ವಸ್ತು. ಇಲ್ಲಿ ಹಾಗಲ್ಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲೇ ಇರುವ ಊರು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರದ ದಿಕ್ಕಿನಿಂದ ಬೀಸುವ ಗಾಳಿ ಮಳೆಯನ್ನು ಅಡ್ಡಡ್ಡ ತಂದು ಗೋಡೆಗೆ ಬಡಿಯುತ್ತದೆ. ಒಂದೂವರೆ ಅಡಿಯ ಛಜ್ಜಾ ಅದಕ್ಕೆ ಯಾವ ಲೆಕ್ಕವೂ ಅಲ್ಲ. ಕ್ಯಾಂಪ್ ಮತ್ತು ಟಿಳಕವಾಡಿಯ ಹಳೆಯ ಹೆಂಚಿನ ಮನೆಗಳನ್ನು ನೋಡಿ: ಸೂರು ಎಷ್ಟು ಮುಂದೆ ಚಾಚಿದೆ, ಕಿಟಕಿ ಎಷ್ಟು ಸಣ್ಣದಿದೆ! ಕಟ್ಟಿದವರಿಗೆ ಊರಿನ ಮಳೆ ಗೊತ್ತಿತ್ತು. ಈಗಿನ ಫ್ಲ್ಯಾಟುಗಳಲ್ಲಿ ಐದಡಿ ಅಗಲದ ಗಾಜು ನೇರವಾಗಿ ಮಳೆಗೆ ಎದೆಗೊಟ್ಟು ನಿಂತಿರುತ್ತದೆ.

ಕೆಳ ಚೌಕಟ್ಟಿನ ತೂತುಗಳು

ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಇರಲಿ, ಅಲ್ಯುಮಿನಿಯಂ ಇರಲಿ, ಮಳೆನೀರು ಚೌಕಟ್ಟಿನೊಳಗೆ ಸ್ವಲ್ಪ ಇಳಿದೇ ಇಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಈ ಕಿಟಕಿಗಳನ್ನು ಮಾಡಿರುತ್ತಾರೆ. ರಬ್ಬರಿನ ಸಂದಿಯಿಂದಲೋ ಕದ ಜಾರುವ ಟ್ರ್ಯಾಕಿನ ಮೂಲಕವೋ ಇಳಿದ ನೀರು ಕೆಳಗಿನ ಪೊಳ್ಳು ಭಾಗಕ್ಕೆ ಬರುತ್ತದೆ. ಅಲ್ಲಿಂದ ಹೊರಮೈಯ ಸೀಳುಗಳ ಮೂಲಕ ಗೋಡೆಯಾಚೆ ಬೀಳುತ್ತದೆ. ಹೊರಗೆ ನಿಂತು ಕೆಳ ಚೌಕಟ್ಟನ್ನು ನೋಡಿದರೆ ಎರಡು ಮೂರು ಸೆಂಟಿಮೀಟರ್ ಉದ್ದದ ಈ ಸೀಳುಗಳು ಕಾಣುತ್ತವೆ. ಕೆಲವಕ್ಕೆ ಸಣ್ಣ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಟ್ರ್ಯಾಕಿನ ಒಳಗೂ ಇದಕ್ಕೆ ಜೋಡಿಯಾದ ತೂತುಗಳಿರುತ್ತವೆ. ಹೊರಗಿನವು ಮತ್ತು ಒಳಗಿನವು ಒಂದರ ಎದುರಿಗೊಂದು ಇರುವುದಿಲ್ಲ. ಗಾಳಿ ನೇರವಾಗಿ ನುಗ್ಗಬಾರದೆಂದು ಬೇಕೆಂದೇ ಅತ್ತಿತ್ತ ಮಾಡಿರುತ್ತಾರೆ.

ಇದನ್ನು ನಾನು ಕಲಿತದ್ದು ಒಂದು ಗಾದಿಯ ಬೆಲೆ ತೆತ್ತು. ಎರಡನೇ ರೈಲ್ವೆ ಗೇಟಿನ ಹತ್ತಿರ ನಾವು ಮನೆ ಮಾಡಿದ ವರ್ಷ ದೀಪಾವಳಿಗೆ ಮುಂಚೆ ಬಣ್ಣ ಹೊಡೆಸಿದೆವು. ಬಣ್ಣದವನು ಒಳ್ಳೆಯ ಮನುಷ್ಯ. ಚೌಕಟ್ಟಿನಲ್ಲಿ ‘ತೂತು ಬಿದ್ದಿವೆ’ ಎಂದು ಕಂಡು, ನಾನು ಕೇಳದಿದ್ದರೂ, ಉಳಿದ ಸಿಲಿಕೋನಿನಿಂದ ಎಲ್ಲವನ್ನೂ ಅಂದವಾಗಿ ಮುಚ್ಚಿ ಹೋದ. ಮುಂದಿನ ಪುಷ್ಯ ಮಳೆಯ ಒಂದು ರಾತ್ರಿ ಟ್ರ್ಯಾಕು ಬಾನಿಯಂತೆ ತುಂಬಿ, ಅಂಚು ದಾಟಿ, ಕಡಪಾ ಕಲ್ಲಿನ ಮೇಲಿಂದ ಸದ್ದಿಲ್ಲದೆ ಹರಿದು ಹಾಸಿಗೆಗೆ ಇಳಿದಿತ್ತು. ನಮಗೆ ಎಚ್ಚರವಾದದ್ದು ಬೆನ್ನು ತಣ್ಣಗಾದಾಗ. ಕಿಟಕಿ ಬಾಲ್ಕನಿಗೆ ತೆರೆಯುವಂಥದ್ದು. ಹೊರಗೆ ಹೋಗಿ ಟಾರ್ಚು ಹಿಡಿದು ನೋಡಿದರೆ ಸಾಲಾಗಿ ಬಿಳಿ ಚುಕ್ಕೆಗಳು. ಮುರಿದ ಛತ್ರಿಯ ಕಡ್ಡಿಯಿಂದ ಒಂದನ್ನು ಚುಚ್ಚಿದೆ. ನಳ ಬಿಟ್ಟಂತೆ ಕೆಂಪು ನೀರು ಚಿಮ್ಮಿ ಕಾಲ ಮೇಲೆ ಬಿತ್ತು. ನಾಲ್ಕೂ ತೂತು ತೆರೆದ ಐದು ನಿಮಿಷಕ್ಕೆ ಟ್ರ್ಯಾಕು ಖಾಲಿಯಾಯಿತು. ಕಿಟಕಿ ಕೆಟ್ಟಿದೆ ಎಂದು ಅದುವರೆಗೆ ಬೈಯುತ್ತಿದ್ದವರು ಬಣ್ಣದವನನ್ನು ಬೈಯತೊಡಗಿದೆವು.

ಆದ್ದರಿಂದ ಹೊಸ ಮನೆಗೆ ಬಂದ ವಾರವೇ ಒಂದು ಕೆಲಸ ಮಾಡಿ. ಟ್ರ್ಯಾಕಿನ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆದರಿ, ಒಣಗಿದ್ದಾಗಲೇ ಕಸ ತೆಗೆಯಿರಿ. ನೀರು ಹಾಕಿದರೆ ಇಲ್ಲಿನ ಕೆಂಪು ಮಣ್ಣು ರಾಡಿಯಾಗಿ ತೂತಿನಲ್ಲೇ ಕೂರುತ್ತದೆ. ತೂತುಗಳಲ್ಲಿ ಕಡ್ಡಿ ಆಡಿಸಿ. ಆಮೇಲೆ ಒಂದು ತಂಬಿಗೆ ನೀರನ್ನು ನಿಧಾನವಾಗಿ ಟ್ರ್ಯಾಕಿಗೆ ಸುರಿಯಿರಿ. ನೀರು ತಡವಿಲ್ಲದೆ ಹೊರಗಿನ ಸೀಳಿನಿಂದ ಇಳಿಯಬೇಕು. ಕೆಳಗಿನ ಮನೆಯವರಿಗೆ ಮೊದಲು ಹೇಳಿಡಿ, ಅವರು ಅರಿವೆ ಒಣಹಾಕಿರುತ್ತಾರೆ.

ತೂತು ಸ್ವಚ್ಛವಾದ ಮೇಲೂ ನೀರು ಬಂದರೆ, ಎಲ್ಲಿಂದ ಎಂದು ಪತ್ತೆ ಹಚ್ಚದೆ ಏನನ್ನೂ ಹಚ್ಚಬೇಡಿ. ಮಳೆಯಿಲ್ಲದ ದಿನ ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ನೆನೆಸುತ್ತಾ ಬನ್ನಿ: ಮೊದಲು ಕಿಟಕಿಯ ಕೆಳಗಿನ ಗೋಡೆ, ಐದು ನಿಮಿಷ ಬಿಟ್ಟು ಕೆಳ ಚೌಕಟ್ಟು, ಆಮೇಲೆ ಪಕ್ಕ, ಕೊನೆಗೆ ಮೇಲ್ಭಾಗ. ಒಬ್ಬರು ಒಳಗೆ ಕುಳಿತು ನೋಡುತ್ತಿರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು ಏನೂ ತಿಳಿಯುವುದಿಲ್ಲ. ಬಹಳ ಸಲ ಸಿಗುವ ಕಳ್ಳ ಎಂದರೆ ಗೋಡೆಗೂ ಚೌಕಟ್ಟಿಗೂ ನಡುವಿನ ಬಿರುಕು, ಇಲ್ಲವೇ ಗೌಂಡಿ ಒಳಮುಖವಾಗಿ ವಾಲಿಸಿ ಕೂರಿಸಿದ ಹೊರಗಿನ ಕಲ್ಲು. ಮೊದಲನೆಯದಕ್ಕೆ ಹಳೆಯ ಸಿಲಿಕೋನನ್ನು ಪೂರ್ತಿ ಕೆರೆದು, ಜಾಗ ಒಣಗಿಸಿ, ಹೊರಗಿನಿಂದ ಹೊಸದನ್ನು ತುಂಬಬೇಕು. ಎರಡನೆಯದಕ್ಕೆ ಗೌಂಡಿಯೇ ಬೇಕು. ಎಷ್ಟು ಸಿಲಿಕೋನ್ ಸುರಿದರೂ ಇಳಿಜಾರು ತಿರುಗುವುದಿಲ್ಲ.

ಬೆವರಿದ ಗಾಜು, ಕೆಟ್ಟ ಗಾಜು

ಎರಡನೆಯ ದೂರು ಮಂಜಿನದು. ಬೆರಳಿನಿಂದ ಒರೆಸಿ ನೋಡಿ. ಕೋಣೆಯ ಕಡೆ ಒರೆಸಿದಾಗ ಹೋದರೆ ಅದು ನಿಮ್ಮ ಮನೆಯ ತೇವ. ಜುಲೈನಲ್ಲಿ ನಾವೆಲ್ಲರೂ ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇವೆ, ಆ ನೀರು ಎಲ್ಲಿಗೋ ಹೋಗಲೇಬೇಕಲ್ಲ. ಮಳೆ ಬಿಡುವು ಕೊಟ್ಟಾಗ ಎದುರುಬದುರಿನ ಎರಡು ಕಿಟಕಿಗಳನ್ನು ಹತ್ತು ನಿಮಿಷ ತೆಗೆದಿಡಿ. ಹೊರಗಿನ ಮೈಯಲ್ಲಿ ಬೆಳಗಿನ ಹೊತ್ತು ಮಂಜು ಕೂತಿದ್ದರೆ ಚಿಂತೆ ಬೇಡ, ಬಿಸಿಲಿಗೆ ಹೋಗುತ್ತದೆ.

ಎರಡೂ ಕಡೆ ಒರೆಸಿದರೂ ಹೋಗದಿದ್ದರೆ ಮಂಜು ಗಾಜುಗಳ ನಡುವೆ ಇದೆ. ಇದು ಕಿಟಕಿಯ ಕಾಯಿಲೆಯೇ. ಎರಡು ಗಾಜಿನ ನಡುವೆ, ಸಾಮಾನ್ಯವಾಗಿ 12 ಮಿಲಿಮೀಟರ್ ಅಂತರ ಇಡಲು, ಸುತ್ತಲೂ ಸ್ಪೇಸರ್ ಎಂಬ ಪೊಳ್ಳು ಪಟ್ಟಿ ಇರುತ್ತದೆ. ಅದರ ಹೊಟ್ಟೆಯಲ್ಲಿ ತೇವ ಹೀರುವ ಸಣ್ಣ ಹರಳುಗಳು. ಪಟ್ಟಿಯ ಬದಿಗೆ ಬ್ಯುಟೈಲ್ ಎಂಬ ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನ್, ಹೀಗೆ ಎರಡು ಸುತ್ತಿನ ಮುದ್ರೆ. ಮುದ್ರೆ ಬಿಟ್ಟರೆ ಹೊರಗಿನ ತೇವ ಒಳಗೆ ಹೋಗುತ್ತದೆ. ಹರಳುಗಳು ಕುಡಿಯುವಷ್ಟು ಕುಡಿದು ಸುಮ್ಮನಾಗುತ್ತವೆ. ಮೊದಮೊದಲು ಬೆಳಿಗ್ಗೆ ಕಾಣಿಸಿ ಮಧ್ಯಾಹ್ನಕ್ಕೆ ಮಾಯವಾಗುವ ಮಬ್ಬು, ಒಂದೆರಡು ಮಳೆಗಾಲ ಕಳೆಯುವುದರಲ್ಲಿ ಸುಣ್ಣದ ನೀರು ಒಣಗಿದಂತೆ ಕಾಯಂ ಕಲೆಯಾಗುತ್ತದೆ. ಮುದ್ರೆ ಕೆಡಲು ದೊಡ್ಡ ಕಾರಣಗಳಲ್ಲಿ ಒಂದು, ಗಾಜಿನ ಬುಡ ನಿಂತ ನೀರಿನಲ್ಲಿ ನೆನೆಯುತ್ತಿರುವುದು. ಅಂದರೆ ಮತ್ತೆ ಆ ಮುಚ್ಚಿದ ತೂತುಗಳ ಪ್ರತಾಪ.

ಗಾಜಿಗೆ ಸಣ್ಣ ರಂಧ್ರ ಕೊರೆದು ಮಂಜು ಒಣಗಿಸಿಕೊಡುತ್ತೇವೆ ಎನ್ನುವವರು ಸಿಗಬಹುದು. ನೋಟಕ್ಕೆ ಕೆಲದಿನ ಸರಿಯಾಗುತ್ತದೆ, ಆದರೆ ಹರಳುಗಳು ಬದಲಾಗುವುದಿಲ್ಲ, ಮುದ್ರೆ ಕೂಡುವುದಿಲ್ಲ. ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ, ಗಾಜನ್ನಂತೂ ಕೊರೆಯಲು ಹೋದರೆ ಪುಡಿಪುಡಿ. ನನ್ನ ಕೇಳಿದರೆ ಆ ಹಣವನ್ನು ಹೊಸ ಗಾಜಿಗೆ ಇಡಿ. ಚೌಕಟ್ಟು ಬದಲಿಸಬೇಕೆಂದು ಹೇಳುವವರ ಮಾತಿಗೂ ಬೀಳಬೇಡಿ. ಚೌಕಟ್ಟು ನೆಟ್ಟಗಿದ್ದರೆ ಗಾಜಿನ ಜೋಡಿಯನ್ನಷ್ಟೇ ಬದಲಿಸಬಹುದು. ಅದಕ್ಕೂ ಮೊದಲು ಸ್ಪೇಸರ್ ಪಟ್ಟಿಯನ್ನು ಟಾರ್ಚು ಹಿಡಿದು ಓದಿ. ಹಲವು ತಯಾರಕರು ಹೆಸರು ಮತ್ತು ತಯಾರಿಸಿದ ತಿಂಗಳನ್ನು ಅದರ ಮೇಲೆ ಅಚ್ಚು ಹಾಕಿರುತ್ತಾರೆ. ಗ್ಯಾರಂಟಿ ಅವಧಿ ಉಳಿದಿದ್ದರೆ ಖರ್ಚೇ ಬರಲಿಕ್ಕಿಲ್ಲ.

ಹೊಸ ಗಾಜು ತರಿಸುವಾಗ

ಮುದ್ರೆ ಹಾಕಿದ ಗಾಜಿನ ಜೋಡಿಗೆ ಅಂಗಡಿಯಲ್ಲಿ ಡಿಜಿಯು (ಡಬಲ್ ಗ್ಲೇಜ್ಡ್ ಯುನಿಟ್) ಎನ್ನುತ್ತಾರೆ. ‘ಎರಡು ಗಾಜು ಜೋಡಿಸಿ ಸುತ್ತ ಸಿಲಿಕೋನ್ ಹಚ್ಚಿ ನಾವೇ ಮಾಡಿಕೊಡುತ್ತೇವೆ’ ಎಂದರೆ ನಮಸ್ಕಾರ ಹೇಳಿ ಹೊರಬನ್ನಿ. ತೇವ ಹೀರುವ ಹರಳಿಲ್ಲದ ಜೋಡಿ ಮೊದಲ ಮಳೆಗಾಲಕ್ಕೇ ಬೆವರುತ್ತದೆ. ಕಾರ್ಖಾನೆಯಲ್ಲಿ ಮುದ್ರೆಯಾದದ್ದೇ ಬೇಕು. ಎಲ್ಲಿ ಮಾಡಿದ್ದು ಎಂದೂ ಕೇಳಿ. ನಮ್ಮ ಊರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 8ರಷ್ಟು ಕಡಿಮೆ. ಮುಂಬಯಿಯಲ್ಲೋ ಗೋವೆಯಲ್ಲೋ ಗಾಳಿ ತುಂಬಿ ಮುಚ್ಚಿದ ಜೋಡಿ ಘಟ್ಟ ಹತ್ತಿ ಬಂದಾಗ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಎದುರಿನ ವಿದ್ಯುತ್ ಕಂಬದ ಪ್ರತಿಬಿಂಬ ಗಾಜಿನಲ್ಲಿ ಡೊಂಕಾಗಿ ಕಂಡರೆ ಇದೇ ಕಾರಣವಿರಬಹುದು. ಆ ಸೆಳೆತ ಅಂಚಿನ ಮುದ್ರೆಯ ಮೇಲೆ ಬೀಳುತ್ತದೆ. ಆದೇಶ ಕೊಡುವಾಗಲೇ ಘಟ್ಟದ ಮೇಲಿನ ಊರಿಗೆ ಎಂದು ಹೇಳಿದರೆ ತಯಾರಕರು ಅದಕ್ಕೆ ತಕ್ಕ ವ್ಯವಸ್ಥೆ ಮಾಡಬಲ್ಲರು.

ಅಳತೆ ತೆಗೆಯುವಾಗ ಹಳೆಯ ಗಾಜನ್ನು ಹಿಡಿದಿರುವ ಬೀಡಿಂಗ್ ಪಟ್ಟಿ ತೆಗೆಸಿ ನಿಜವಾದ ಗಾಜಿನ ಅಂಚಿನಿಂದ ಅಂಚಿಗೆ ಅಳೆಯಿಸಿ. ಅಗಲ, ಎತ್ತರ ಎರಡನ್ನೂ ಮೂರು ಮೂರು ಕಡೆ. ಒಟ್ಟು ದಪ್ಪವೂ ಬೇಕು: 6-12-6 (ಗಾಜು, ಅಂತರ, ಗಾಜು) ಎಂದರೆ 24 ಮಿಲಿಮೀಟರ್. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲಾಗುವುದಿಲ್ಲ, ಐದು ಮಿಲಿಮೀಟರ್ ದೊಡ್ಡದಾದರೆ ಅದು ಗುಜರಿ. ಹಳೆಯ ಗಾಜಿಗೆ ಕಣ್ಣಿಗೆ ಕಾಣದ ಲೋಹದ ಲೇಪ ಇದೆಯೇ ಎಂದು ತಿಳಿಯಲು ರಾತ್ರಿ ಕಡ್ಡಿ ಗೀರಿ ಗಾಜಿನ ಎದುರು ಹಿಡಿಯಿರಿ. ನಾಲ್ಕು ಜ್ವಾಲೆಗಳು ಕಾಣುತ್ತವೆ, ಒಂದೊಂದು ಮೈಗೆ ಒಂದು. ಅದರಲ್ಲಿ ಒಂದರ ಬಣ್ಣ ಬೇರೆಯಿದ್ದರೆ ಲೇಪವಿದೆ, ಹೊಸದಕ್ಕೂ ಅದನ್ನೇ ಕೇಳಿ. ಪರದೆಯನ್ನು ಮೊದಲು ಸರಿಸಿಕೊಳ್ಳಿ!

ಕೂರಿಸುವ ಕೆಲಸ ನೀವೇ ಮಾಡಲು ಹೋಗಬೇಡಿ. ಒಂದು ಚದರ ಮೀಟರ್ ಗಾಜಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೊ ತೂಕ; ನಾಲ್ಕಡಿಗೆ ನಾಲ್ಕಡಿಯ 6-12-6 ಜೋಡಿ 40 ಕಿಲೊ ದಾಟುತ್ತದೆ. ಆದರೆ ಪಕ್ಕದಲ್ಲಿ ನಿಂತು ಎರಡು ಸಂಗತಿ ನೋಡಿ. ಗಾಜಿನ ಬುಡ ನೇರ ಚೌಕಟ್ಟಿನ ಮೇಲೆ ಕೂರಬಾರದು, ಪ್ಲಾಸ್ಟಿಕ್ ತುಂಡುಗಳ ಮೇಲೆ ಕೂರಬೇಕು. ಆ ತುಂಡು ನೀರಿನ ತೂತಿಗೆ ಅಡ್ಡ ಬರಬಾರದು. ಇನ್ನೊಂದು, ಸಿಲಿಕೋನ್ ಕೊಳವೆಯನ್ನು ಮೂಸಿ. ವಿನೆಗರಿನಂತೆ ಹುಳಿ ವಾಸನೆ ಬಂದರೆ ಅದು ಗಾಜಿನ ಅಂಚಿನ ಮುದ್ರೆಗೆ ಶತ್ರು. ‘ನ್ಯೂಟ್ರಲ್’ ಎಂದು ಬರೆದಿರುವುದು ಬೇಕು. ಕೆಲಸದವರಲ್ಲಿ ಹಲವರು ಮರಾಠಿ ಮಾತಾಡುತ್ತಾರೆ. ಗಾಜಿಗೆ ‘ಕಾಚ’, ಕಿಟಕಿಗೆ ‘ಖಿಡಕಿ’ ಎಂದರೆ ಸಾಕು, ನಮ್ಮ ಕಿಡಕಿಗೂ ಅದಕ್ಕೂ ದೂರವೇನಿಲ್ಲ.

ರೋಹಿಣಿ ಮಳೆಗೆ ಮುಂಚಿನ ಅರ್ಧ ದಿನ

ಮೇ ತಿಂಗಳ ಮೂರನೇ ವಾರದ ಒಂದು ರವಿವಾರ ಇದಕ್ಕೆ ಸಾಕು. ತೂತುಗಳ ಕೆಲಸ ಮೇಲೆ ಹೇಳಿದೆ. ರಬ್ಬರನ್ನು ಸೋಪಿನ ನೀರಿನಿಂದ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇಯನ್ನು ಅರಿವೆಗೆ ಹಾಕಿ ಸವರಿ. ಮೂಲೆಗಳಲ್ಲಿ ರಬ್ಬರು ಕುಗ್ಗಿ ಸಂದಿ ಬಿಟ್ಟಿದ್ದರೆ ಬೆರಳಿನಿಂದ ಮೂಲೆಯ ಕಡೆಗೆ ತಳ್ಳಿ ಕೂರಿಸಿ. ಲಾಕಿನ ಲೋಹಕ್ಕೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ. ಟ್ರ್ಯಾಕಿಗೆ ಗ್ರೀಸ್, ಕೊಬ್ಬರಿ ಎಣ್ಣೆ ಯಾವುದೂ ಬೇಡ, ಧೂಳು ಮೆತ್ತಿ ಗಾಲಿ ಹಿಡಿದುಕೊಳ್ಳುತ್ತದೆ. ಜಾರುವ ಕದ ಎಳೆಯಲು ಭಾರವಾಗಿದ್ದರೆ ಕದದ ಬುಡದ ಪಕ್ಕದಲ್ಲಿರುವ ಸ್ಕ್ರೂ ತಿರುಗಿಸಿ ಗಾಲಿಯ ಮೇಲೆ ಕದವನ್ನು ತುಸು ಏರಿಸಬಹುದು. ಅಲುಗುವ ಹಿಡಿಕೆಯ ಬುಡದ ಮುಚ್ಚಳವನ್ನು ಅಡ್ಡಕ್ಕೆ ತಿರುಗಿಸಿದರೆ ಎರಡು ಸ್ಕ್ರೂ ಸಿಗುತ್ತವೆ, ಬಿಗಿ ಮಾಡಿ. ಎರಡನೇ ಮಹಡಿಯ ಮೇಲೆ ಕದ ಕಳಚುವ ಸಾಹಸ ಮಾತ್ರ ಬೇಡ.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಸಾಕು, ಕಲ್ಲಿಗೆ ಚೆಲ್ಲದಂತೆ. ಯುಪಿವಿಸಿಗೆ ಥಿನ್ನರ್ ತಾಗಿಸಿದರೆ ಮೈ ಮಂಕಾಗುತ್ತದೆ. ಬೇಸಿಗೆಯ ತಾಪಕ್ಕೆಂದು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಮೊದಲು ಗಾಜಿನವರನ್ನು ಕೇಳಿ. ಟಫನ್ಡ್ ಅಲ್ಲದ ಜೋಡಿ ಗಾಜು ಬಿಸಿ ಹಿಡಿದು ತಾನಾಗಿ ಸೀಳಬಹುದು.

ರೈಲಿನ ಸದ್ದಿನ ಬಗ್ಗೆ ಕೇಳುವವರಿಗೆ: ಗಾಜಿಗಿಂತ ಮೊದಲು ಸಂದಿ ನೋಡಿ. ಗಾಳಿ ಇರುವ ದಿನ ಊದಿನಕಡ್ಡಿಯನ್ನು ಅಂಚಿನುದ್ದಕ್ಕೂ ನಿಧಾನ ಒಯ್ಯಿರಿ, ಹೊಗೆ ಎಲ್ಲಿ ಬಾಗುತ್ತದೋ ಅಲ್ಲೇ ಸದ್ದೂ ನುಸುಳುತ್ತದೆ. ಜಾರುವ ಕಿಟಕಿಯ ಕುಚ್ಚುಪಟ್ಟಿ ಸವೆದಿದ್ದರೆ ಅದನ್ನು ಬದಲಿಸುವುದು ಅಗ್ಗದ ಕೆಲಸ. ಅದಾದ ಮೇಲೂ ಗೇಟಿನ ಸೀಟಿ ನಿದ್ದೆ ಕೆಡಿಸಿದರೆ ಎರಡು ಬೇರೆ ಬೇರೆ ದಪ್ಪದ ಗಾಜುಗಳ ಜೋಡಿ, ಒಂದು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರವಿರುವ ಗಾಜು) ಆಗಿರುವಂತೆ, ತರಿಸಬಹುದು.

ಬಾಡಿಗೆಯವರು ಮನೆ ಹಿಡಿಯುವ ದಿನವೇ ಪ್ರತಿ ಕಿಟಕಿಯ ಫೋಟೊ ತೆಗೆದು ಮಾಲಕರಿಗೆ ಮೊಬೈಲ್‌ನಲ್ಲಿ ಕಳಿಸಿಡಿ, ಗಾಜಿನೊಳಗಿನ ಮಬ್ಬು ಕಾಣುವಂತೆ ಬೆಳಗಿನ ಹೊತ್ತು. ಬಿಟ್ಟುಹೋಗುವಾಗ ಅದು ನಿಮ್ಮ ಠೇವಣಿಯಿಂದ ಕಡಿತವಾಗಬಾರದಲ್ಲ.

ಗಾಲಿಯ ಸ್ಕ್ರೂ ತಿರುಗಿಸುವ ಕೀಗಳ ಗೊಂಚಲು, ಗಾಜು ಹಿಡಿಯುವ ಎರಡು ರಬ್ಬರ್ ಬಟ್ಟಲುಗಳು, ಉದ್ದ ಬ್ರಷ್ ಸಂಘದ ಕಪಾಟಿನಲ್ಲಿವೆ. ರವಿವಾರ ಬೆಳಿಗ್ಗೆ ಬಂದು, ಪುಸ್ತಕದಲ್ಲಿ ಹೆಸರು ಬರೆದು ಒಯ್ಯಬಹುದು. ಹೋದ ಶ್ರಾವಣದಲ್ಲಿ ಒಯ್ದ 4 ಮಿಲಿಮೀಟರ್ ಕೀ ಇನ್ನೂ ವಾಪಸ್ ಬಂದಿಲ್ಲ. ಯಾರ ಮನೆಯಲ್ಲಿದೆಯೋ ಅವರು ರೋಹಿಣಿಗೆ ಮುಂಚೆ ತಂದಿಡಿ.