ಫೌಂಡೇಶನ್ ಇಯರ್ ಮೂಲಕ ಪರಿಸರ ವಿಜ್ಞಾನ: ಬ್ರಿಟನ್ನಿನಲ್ಲಿ ಡಿಗ್ರಿ ಶುರು ಮಾಡುವುದು ಹೇಗೆ?

ಪರಿಸರ ವಿಜ್ಞಾನ ಓದುವ ಆಸೆ ಇದೆ, ಆದರೆ ಎ-ಲೆವೆಲ್‌ನಲ್ಲಿ (ನಮ್ಮ ಪಿಯುಸಿಯಂಥ ಅಲ್ಲಿನ ಹಂತ) ತೆಗೆದುಕೊಂಡಿದ್ದು ಇತಿಹಾಸ, ಸಾಹಿತ್ಯ. ಅಥವಾ ವಿಜ್ಞಾನವನ್ನೇ ಓದಿದ್ದರೂ ಗ್ರೇಡ್ ಕೈಕೊಟ್ಟಿದೆ. ಇಲ್ಲವೇ ನಾಲ್ಕಾರು ವರ್ಷ ಕೆಲಸ ಮಾಡಿದ ಮೇಲೆ ಮತ್ತೆ ಓದುವ ಮನಸ್ಸಾಗಿದೆ. ಇಂಥವರಿಗಾಗಿಯೇ ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಫೌಂಡೇಶನ್ ಇಯರ್ ನಡೆಸುತ್ತವೆ. ಮೂರು ವರ್ಷದ ಬಿಎಸ್ಸಿಗೆ ಮುಂಚೆ ಒಂದು ವರ್ಷ ಸೇರಿ ಒಟ್ಟು ನಾಲ್ಕು ವರ್ಷ. ಈ ಮೊದಲ ವರ್ಷಕ್ಕೆ ‘ಇಯರ್ ಝೀರೋ’ ಅಂತಲೂ ಹೇಳುತ್ತಾರೆ.

ಮೊದಲು, ನಿಮಗೆ ಇದು ನಿಜಕ್ಕೂ ಬೇಕಾ?

ಒಂದು ವರ್ಷ ಜಾಸ್ತಿ ಅಂದರೆ ಒಂದು ವರ್ಷದ ಫೀಸು, ಬಾಡಿಗೆ ಎರಡೂ ಜಾಸ್ತಿ. ಭೂಗೋಳ ಅಥವಾ ಜೀವಶಾಸ್ತ್ರದಲ್ಲಿ ಒಳ್ಳೆಯ ಗ್ರೇಡ್ ಇದ್ದರೆ ಕೆಲವು ಕಡೆ ನೇರವಾಗಿ ಮೊದಲ ವರ್ಷಕ್ಕೇ ಸೀಟು ಸಿಗಬಹುದು. ಅಡ್ಮಿಷನ್ಸ್ ಕಚೇರಿಗೆ ಒಂದು ಈಮೇಲ್ ಹಾಕಿ ಕೇಳಿ, ನಾಚಿಕೆ ಬೇಡ.

ವಯಸ್ಸು 19 ದಾಟಿದ್ದರೆ ಇನ್ನೊಂದು ದಾರಿಯೂ ಇದೆ: ಕಾಲೇಜುಗಳಲ್ಲಿ ನಡೆಯುವ ಆಕ್ಸೆಸ್ ಟು ಹೈಯರ್ ಎಜುಕೇಶನ್ ಡಿಪ್ಲೊಮಾ. ಅದಕ್ಕೆ ಇಂಗ್ಲೆಂಡಿನಲ್ಲಿ ಸಿಗುವ ಅಡ್ವಾನ್ಸ್ಡ್ ಲರ್ನರ್ ಲೋನ್ ಎಂಬ ಸರ್ಕಾರಿ ಸಾಲ ತೆಗೆದುಕೊಂಡು, ಮುಂದೆ ಡಿಗ್ರಿಯನ್ನೂ ಮುಗಿಸಿದರೆ, ಆ ಸಾಲದ ಬಾಕಿ ಮನ್ನಾ ಆಗುತ್ತದೆ. ದುಡ್ಡಿನ ಲೆಕ್ಕ ನೋಡುವವರಿಗೆ ನಾನು ಇದನ್ನೇ ಮೊದಲು ತೋರಿಸುತ್ತೇನೆ. ಆದರೆ ಡಿಪ್ಲೊಮಾ ಆದಮೇಲೆ ವಿಶ್ವವಿದ್ಯಾಲಯದ ಸೀಟಿಗೆ ಬೇರೆಯಾಗಿ ಅರ್ಜಿ ಹಾಕಬೇಕು. ಫೌಂಡೇಶನ್ ಇಯರ್‌ನಲ್ಲಾದರೆ ಪಾಸಾದವರು ಅಲ್ಲೇ ಮುಂದಿನ ವರ್ಷಕ್ಕೆ ಹೋಗುತ್ತಾರೆ.

ಸರಿಯಾದ ಕೋರ್ಸ್ ಹುಡುಕಿ

ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಯುಕಾಸ್ ಜಾಲತಾಣದಲ್ಲಿ ‘ವಿತ್ ಫೌಂಡೇಶನ್ ಇಯರ್’ ಎಂದು ಸ್ಪಷ್ಟವಾಗಿ ಬರೆದಿರುವ ನಾಲ್ಕು ವರ್ಷದ ಕೋರ್ಸನ್ನೇ ಆರಿಸಿ. ಅದಕ್ಕೆ ಮೂರು ವರ್ಷದ ಕೋರ್ಸಿಗಿಂತ ಬೇರೆ ಕೋಡ್ ಇರುತ್ತದೆ. ‘ಫೌಂಡೇಶನ್ ಡಿಗ್ರಿ’ ಎಂದು ಕಂಡರೆ ಅದು ಬೇರೆಯದೇ ಅರ್ಹತೆ, ಪೂರ್ಣಾವಧಿ ಓದಿದರೆ ಸಾಮಾನ್ಯವಾಗಿ ಎರಡು ವರ್ಷದ್ದು. ಕೋಡ್ ತಪ್ಪಾದರೆ ಸ್ಟೂಡೆಂಟ್ ಫೈನಾನ್ಸ್ (ಸರ್ಕಾರಿ ಶಿಕ್ಷಣ ಸಾಲ) ಅರ್ಜಿಯೂ ಎಡವಟ್ಟಾಗುತ್ತದೆ.

ಕೋರ್ಸ್ ಪುಟದಲ್ಲಿ ನಾನು ಮೊದಲು ಹುಡುಕುವುದು ಮುಂದಿನ ವರ್ಷಕ್ಕೆ ಹೋಗಲು ಇರುವ ಷರತ್ತನ್ನು. ಪಾಸ್ ಅಂಕ ಸಾಮಾನ್ಯವಾಗಿ ಶೇ 40. ಆದರೆ ಕೆಲವು ಕಡೆ ಡಿಗ್ರಿಗೆ ಏರಲು ಅದಕ್ಕಿಂತ ಜಾಸ್ತಿ ಬೇಕು, ಅಥವಾ ರಸಾಯನಶಾಸ್ತ್ರದ ಮಾಡ್ಯೂಲ್ ಪಾಸಾಗಲೇಬೇಕು. ಇದನ್ನು ಸೇರುವ ಮುಂಚೆ ಓದುವವರು ಕಡಿಮೆ! ಸಮಾಧಾನದ ಸಂಗತಿ ಎಂದರೆ, ಈ ವರ್ಷದ ಅಂಕಗಳು ಕೊನೆಯ ಡಿಗ್ರಿ ಕ್ಲಾಸಿನ (ಫಸ್ಟ್, ಸೆಕೆಂಡ್) ಲೆಕ್ಕಕ್ಕೆ ಬರುವುದಿಲ್ಲ. ಡಿಗ್ರಿಗೆ ಈ ಕ್ಷೇತ್ರದ ವೃತ್ತಿಪರರ ಸಂಸ್ಥೆಯಾದ ಇನ್‌ಸ್ಟಿಟ್ಯೂಶನ್ ಆಫ್ ಎನ್ವಿರಾನ್ಮೆಂಟಲ್ ಸೈನ್ಸಸ್‌ನ ಮಾನ್ಯತೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಅರ್ಜಿ ಮತ್ತು ದುಡ್ಡು

ಯುಕಾಸ್‌ನಲ್ಲಿ ಐದು ಆಯ್ಕೆಗಳಿಗೆ ಅವಕಾಶ ಇದೆ. ಮುಖ್ಯ ಗಡುವು ಜನವರಿಯಲ್ಲಿ ಬರುತ್ತದೆ. ಇಂಗ್ಲಿಷ್ ಮತ್ತು ಗಣಿತದಲ್ಲಿ ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ) ಗ್ರೇಡ್ 4 ಅನ್ನು ಸಾಮಾನ್ಯವಾಗಿ ಕೇಳುತ್ತಾರೆ.

2026ರ ಪ್ರವೇಶದಿಂದ ಪರ್ಸನಲ್ ಸ್ಟೇಟ್‌ಮೆಂಟ್ (ಅರ್ಜಿಯಲ್ಲಿ ನಿಮ್ಮ ಬಗ್ಗೆ ನೀವೇ ಬರೆಯುವ ಭಾಗ) ಮೂರು ಪ್ರಶ್ನೆಗಳಾಗಿ ಬದಲಾಗಿದೆ. ಈ ಕೋರ್ಸ್ ಯಾಕೆ? ಓದು ನಿಮ್ಮನ್ನು ಹೇಗೆ ಸಿದ್ಧಪಡಿಸಿದೆ? ಓದಿನ ಆಚೆ ಏನು ಮಾಡಿದ್ದೀರಿ? ಒಟ್ಟು 4,000 ಅಕ್ಷರಗಳ ಮಿತಿ. ‘ನನಗೆ ಪ್ರಕೃತಿ ಎಂದರೆ ಪ್ರಾಣ’ ಎಂದು ಶುರು ಮಾಡಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಮನೆ ಹತ್ತಿರದ ಹಳ್ಳದ ನೀರು ಮಳೆ ಬಂದಮೇಲೆ ಯಾಕೆ ಬಣ್ಣ ಬದಲಿಸುತ್ತದೆ ಎಂದು ಹುಡುಕಿಕೊಂಡು ಹೋಗಿದ್ದರೆ ಅದನ್ನು ಬರೆಯಿರಿ. ವಿಜ್ಞಾನ ಯಾಕೆ ಬಿಟ್ಟಿರಿ, ಈಗ ಯಾಕೆ ಬೇಕು ಎಂಬುದನ್ನೂ ಸುತ್ತಿ ಬಳಸದೆ ಹೇಳಿ.

ಇಂಗ್ಲೆಂಡಿನಲ್ಲಿ 2025-26ಕ್ಕೆ ತರಗತಿ ಪಾಠವೇ ಮುಖ್ಯವಾದ ವಿಷಯಗಳ ಫೌಂಡೇಶನ್ ಇಯರ್ ಫೀಸಿನ ಮಿತಿ 5,760 ಪೌಂಡ್ ಇತ್ತು. ಲ್ಯಾಬ್ ಇರುವ ವಿಜ್ಞಾನ ಕೋರ್ಸುಗಳಿಗೆ 9,535 ಪೌಂಡ್‌ವರೆಗೆ ಹಾಕಬಹುದಿತ್ತು. ನಿಮ್ಮದು ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಕೋರ್ಸ್ ಪುಟದಲ್ಲೇ ನೋಡಿ. ಅಲ್ಲಿನ ನಿವಾಸಿಗಳಿಗೆ, ಅರ್ಹತೆ ಇದ್ದರೆ, ನಾಲ್ಕೂ ವರ್ಷಕ್ಕೆ ಫೀಸಿನ ಸಾಲ ಸಿಗುತ್ತದೆ. ಹೊರದೇಶದಿಂದ ಹೋಗುವವರಿಗೆ ಈ ಮಿತಿಯೂ ಇಲ್ಲ, ಈ ಸಾಲವೂ ಇಲ್ಲ. ಫೀಸು ಆಯಾ ವಿಶ್ವವಿದ್ಯಾಲಯ ಇಟ್ಟಷ್ಟು. ಅವರಿಗೆ ಹಲವು ಕಡೆ ಇಂಟರ್‌ನ್ಯಾಷನಲ್ ಫೌಂಡೇಶನ್ ಎಂಬ ಪ್ರತ್ಯೇಕ ಕೋರ್ಸೇ ಇರುತ್ತದೆ.

ಆ ವರ್ಷ ಏನಿರುತ್ತದೆ?

ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ, ಅಂಕಿ-ಅಂಶ, ವರದಿ ಬರೆಯುವುದು. ಬಹಳ ಜನ ಹೆದರುವುದು ಗಣಿತಕ್ಕೆ, ಆದರೆ ತಡವರಿಸುವುದು ರಸಾಯನಶಾಸ್ತ್ರದಲ್ಲಿ. ಸೇರುವ ಮುಂಚಿನ ಬೇಸಿಗೆಯಲ್ಲಿ ಮೋಲ್ ಲೆಕ್ಕ, ಪಿಎಚ್, ಲಾಗರಿದಮ್ ಇಷ್ಟನ್ನಾದರೂ ನೋಡಿಕೊಂಡಿದ್ದರೆ ಮೊದಲ ಟರ್ಮ್ ಹಗುರ.

ಫೀಲ್ಡ್ ವರ್ಕ್ ಬಗ್ಗೆ ಒಂದು ಉದಾಹರಣೆ. ಹೊಳೆಯ ಆರೋಗ್ಯ ನೋಡಲು ‘ಕಿಕ್ ಸ್ಯಾಂಪ್ಲಿಂಗ್’ ಎಂಬ ವಿಧಾನ ಇದೆ. ನೀರಿಗಿಳಿದು ಬಲೆಯನ್ನು ತಳಕ್ಕೆ ಊರಿ ಹಿಡಿಯಬೇಕು. ಅದರ ಮೇಲುಗಡೆ, ಅಂದರೆ ನೀರು ಹರಿದು ಬರುವ ಕಡೆ, ಮೂರು ನಿಮಿಷ ಕಲ್ಲುಗಳನ್ನು ಕಾಲಿನಿಂದ ಕೆದಕಬೇಕು. ಬಲೆಗೆ ಬಿದ್ದದ್ದನ್ನು ಬಿಳಿ ಟ್ರೇಗೆ ಸುರಿದರೆ ಮೊದಲಿಗೆ ಬರೀ ಕಸ. ಒಂದು ನಿಮಿಷ ಸುಮ್ನೆ ನೋಡುತ್ತಿದ್ದರೆ ಕಸದ ನಡುವೆ ಕಾಲುಗಳು ಅಲುಗುತ್ತವೆ. ಸಿಕ್ಕ ಜೀವಿಗಳಿಗೆ ಅಂಕ ಕೊಟ್ಟು ನೀರಿನ ಗುಣಮಟ್ಟ ಅಳೆಯುವ ಬಿಎಂಡಬ್ಲ್ಯುಪಿ ಎಂಬ ಹಳೆಯ ಪದ್ಧತಿಯಲ್ಲಿ ಹಲವು ಬಗೆಯ ಸ್ಟೋನ್‌ಫ್ಲೈ ಎಂಬ ಕೀಟದ ಮರಿಗಳಿಗೆ 10 ಅಂಕ, ಕೆಸರಿನ ಹುಳುಗಳಿಗೆ 1. ಸ್ಟೋನ್‌ಫ್ಲೈಗೆ ಆಮ್ಲಜನಕ ತುಂಬಿದ ಶುದ್ಧ ನೀರೇ ಬೇಕು, ಕೆಸರಿನ ಹುಳು ಕೊಳಕಿನಲ್ಲೂ ಬದುಕುತ್ತದೆ. ಈ ಕೋರ್ಸಿನ ಜೀವಶಾಸ್ತ್ರ, ರಸಾಯನಶಾಸ್ತ್ರ, ಲೆಕ್ಕ ಮೂರೂ ಆ ಟ್ರೇಯಲ್ಲೇ ಸೇರುತ್ತವೆ ನೋಡಿ.

ಸೀಟು ಸಿಗದಿದ್ದರೆ

ಜುಲೈ ಮೊದಲ ವಾರದಿಂದ ಕ್ಲಿಯರಿಂಗ್ ಶುರು. ಖಾಲಿ ಉಳಿದ ಸೀಟುಗಳು ಆಗ ಯುಕಾಸ್‌ನಲ್ಲಿ ಕಾಣುತ್ತವೆ, ಫೌಂಡೇಶನ್ ಇಯರ್ ಸೀಟುಗಳೂ ಇರುತ್ತವೆ. ವಿಶ್ವವಿದ್ಯಾಲಯಕ್ಕೆ ಫೋನ್ ಮಾಡುವಾಗ ಯುಕಾಸ್ ಐಡಿ, ಗ್ರೇಡುಗಳು ಕೈಯಲ್ಲಿರಲಿ. ಫೋನ್ ನೀವೇ ಮಾಡಿ. ಅಪ್ಪ-ಅಮ್ಮ ಮಾಡಿದರೆ ‘ವಿದ್ಯಾರ್ಥಿಗೆ ಕೊಡಿ’ ಎನ್ನುತ್ತಾರೆ.