ಮಕ್ಕಳು ಎಣಿಸಿದ ಸೀರೆಗಳು

ಮೈಸೂರು ಕಡೆಯಿಂದ ಇಳಕಲ್ ಸಮೀಪದ ಒಂದು ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ಬಂದ ಹೊಸದರಲ್ಲಿ, ಮಕ್ಕಳಲ್ಲಿ ಗೌರವ ಮೂಡಬೇಕಾದರೆ ಅಚ್ಚುಕಟ್ಟಾಗಿ ಉಟ್ಟು ಹೋಗಬೇಕೆಂಬ ಹಿರಿಯರ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಇಸ್ತ್ರಿ ಮಾಡಿದ, ಜರಿಯಂಚಿನ ಸೀರೆಗಳನ್ನು ದಿನಕ್ಕೊಂದರಂತೆ ಉಡುತ್ತಿದ್ದೆ. ಎಂಟನೆಯ ತರಗತಿಯ ಮಕ್ಕಳು ಎದ್ದು ನಿಂತು ನಮಸ್ಕರಿಸುತ್ತಿದ್ದರು, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಆದರೆ ಒಂದು ತಿಂಗಳು ಕಳೆದರೂ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಆ ಮೌನವನ್ನು ಶಿಸ್ತೆಂದು ತಿಳಿದು ನಾನು ಸಂತೋಷಪಟ್ಟಿದ್ದೆ ಎಂಬುದು ಈಗಲೂ ನೋಯಿಸುತ್ತದೆ.

ಎರಡನೆಯ ತಿಂಗಳಲ್ಲಿ, ನನ್ನನ್ನು ಮೊದಲ ದಿನ ಕಂಡಾಗ ಏನನ್ನಿಸಿತೆಂದು ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡಲು ಹೇಳಿದೆ. 38 ಚೀಟಿಗಳು ಬಂದವು. ‘ಬಿಇಓ ಆಫೀಸಿಂದ ತಪಾಸಣೆಗೆ ಬಂದೀರಿ ಅನಕೊಂಡಿದ್ವಿ’ ಎಂದು ಹಲವರು ಬರೆದಿದ್ದರು. ಒಂದರಲ್ಲಿ ‘ಟೀಚರ್‌ರೀ, ನಿಮ್ಮ ಕಡೆ ಎಷ್ಟು ಸೀರಿ ಅದಾವ್ರೀ? ನಾ 22 ಎಣಿಸೀನಿ’ ಎಂದಿತ್ತು. ಸರ್ಕಾರ ಕೊಟ್ಟ ಸಮವಸ್ತ್ರವನ್ನೇ ರಾತ್ರಿ ಒಗೆದು ಬೆಳಿಗ್ಗೆ ತೊಟ್ಟು ಬರುವ ಮಗುವೊಂದು, ನಾನು ಪಾಠ ಹೇಳುವ ಹೊತ್ತಿನಲ್ಲಿ ನನ್ನ ಸೀರೆಗಳ ಲೆಕ್ಕವಿಡುತ್ತಿತ್ತು. ಅಂದಿನಿಂದ ಶಾಲೆಗೆಂದು ಐದೇ ಹತ್ತಿ ಸೀರೆಗಳನ್ನು ತೆಗೆದಿರಿಸಿ, ಅವನ್ನೇ ಸರದಿಯಂತೆ ಉಡತೊಡಗಿದೆ.

ಅವುಗಳಲ್ಲಿ ಒಂದನ್ನು ಇಳಕಲ್ ಸೀರೆಯೆಂದೇ ಅಂಗಡಿಯಲ್ಲಿ ಕೊಂಡಿದ್ದೆ. ಅದನ್ನುಟ್ಟು ಹೋದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ, ಅಲ್ಲಿಯವರೆಗೆ ಬಾಯಿಯನ್ನೇ ತೆರೆಯದಿದ್ದವನು, ‘ಇದು ಕೈಮಗ್ಗದ್ದಲ್ರೀ, ಪವರ್‌ಲೂಮಿಂದು’ ಎಂದ. ಅವನ ಮನೆಯಲ್ಲಿ ಮಗ್ಗವಿತ್ತು. ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಮತ್ತು ಸೆರಗಿನ ಹಾಸನ್ನು ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುವುದನ್ನೂ, ಕೆಂಪು ಸೆರಗಿನ ಮೇಲೆ ಬಿಳಿಯ ‘ತೋಪು ತೆನೆ’ ವಿನ್ಯಾಸ ಮೂಡಿಸುವುದನ್ನೂ ಅವನೇ ನನಗೆ ವಿವರಿಸಿದ. ತರಗತಿಯಲ್ಲಿ ನೇಕಾರರ ಮಕ್ಕಳು ಇನ್ನೂ ಹಲವರಿದ್ದರು. ತಮಗೆ ಗೊತ್ತಿರುವುದು ಟೀಚರಿಗೆ ಗೊತ್ತಿಲ್ಲವೆಂಬುದು ಅವರಿಗೆ ತಿಳಿದ ಮೇಲೆ, ತಮಗೆ ಗೊತ್ತಿಲ್ಲದ್ದನ್ನು ಕೇಳಲು ಅವರು ಹಿಂಜರಿಯಲಿಲ್ಲ. ಮುಂದಿನ ತಿಂಗಳು ನೇಕಾರರ ಮನೆಯಿಂದಲೇ ಒಂದು ಸೀರೆ ತಂದೆ.

ಚೂಡಿದಾರ್ ತೊಟ್ಟ ದಿನಗಳಲ್ಲಿ ಹೆಣ್ಣುಮಕ್ಕಳು ಥ್ರೋಬಾಲ್ ಆಡಲು ನನ್ನನ್ನೂ ಕರೆಯುತ್ತಿದ್ದರು. ಸೀರೆಯುಟ್ಟ ದಿನ ಯಾರೂ ಹಾಗೆ ಕರೆದದ್ದಿಲ್ಲ. ಪ್ರಯೋಗದ ದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ಹತ್ತಿಯ ಏಪ್ರನ್ ಕಟ್ಟಿಕೊಳ್ಳುತ್ತೇನೆ. ಸ್ಪಿರಿಟ್ ದೀಪದ ಎದುರು ಅದು ಸುರಕ್ಷತೆಗೆ ಬೇಕೇ ಬೇಕು, ಜೊತೆಗೆ ಏಪ್ರನ್ ಕಂಡೊಡನೆ ಮಕ್ಕಳು ತಾವಾಗಿಯೇ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಗಮನವಿಟ್ಟು ನಿಲ್ಲುತ್ತಾರೆ.

ಕೇರಳ ಮೂಲದ ಮನೋವಿಜ್ಞಾನಿ ನಳಿನಿ ಅಂಬಾಡಿ ಅವರು ರಾಬರ್ಟ್ ರೋಸೆಂಥಾಲ್ ಅವರೊಡನೆ 1993ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಬಹಳ ತಡವಾಗಿ ಓದಿದೆ. ಬೋಧಕರ ಅರ್ಧ ನಿಮಿಷಕ್ಕೂ ಮೀರದ, ಧ್ವನಿಯಿಲ್ಲದ ದೃಶ್ಯಗಳನ್ನಷ್ಟೇ ನೋಡಿದ ಅಪರಿಚಿತರ ಅಭಿಪ್ರಾಯವು, ಆ ಬೋಧಕರ ಬಳಿ ಇಡೀ ಅವಧಿ ಕಲಿತ ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಬಹುಮಟ್ಟಿಗೆ ಹೊಂದುತ್ತಿತ್ತು. ಅದು ಹಾವಭಾವವನ್ನು ಕುರಿತ ಅಧ್ಯಯನವೇ ಹೊರತು ಉಡುಪಿನದಲ್ಲ. ಆದರೆ ಗಂಜಿ ಹಾಕಿದ ನೆರಿಗೆ ಕೆಡದಿರಲೆಂದು ನಾನು ಕಪ್ಪುಹಲಗೆಯ ಬಳಿಯೇ ನಿಲ್ಲುತ್ತಿದ್ದೆ, ಮೆತ್ತನೆಯ ಸೀರೆಯಲ್ಲಿ ಬೆಂಚುಗಳ ನಡುವೆ ಓಡಾಡಿ ಮಕ್ಕಳ ಪಕ್ಕದಲ್ಲೇ ಕುಳಿತುಕೊಳ್ಳುತ್ತೇನೆ. ಹೀಗೆ ಉಟ್ಟ ಬಟ್ಟೆಯೇ ನನ್ನ ಹಾವಭಾವವನ್ನೂ ಬದಲಿಸಿತ್ತು. ಪಾಠಕ್ಕೆ ಸಿದ್ಧತೆಯಿಲ್ಲದೆ ಹೋದ ದಿನ ಯಾವ ಸೀರೆಯೂ ನೆರವಿಗೆ ಬಂದಿಲ್ಲ.

ಈ ವರ್ಷ ಶಾಲೆ ಆರಂಭವಾದ ದಿನ, ಬಣ್ಣ ಮಾಸಿದ ಆ ಕೈಮಗ್ಗದ ಸೀರೆಯನ್ನೇ ಉಟ್ಟು ಹೋಗಿದ್ದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ಅವಧಿಯಲ್ಲೇ ಎದ್ದು ನಿಂತು, ‘ಟೀಚರ್‌ರೀ, ಬಿಸಿಲಿಗೆ ಬಣ್ಣ ಯಾಕ ಮಾಸತೈತ್ರೀ?’ ಎಂದು ಕೇಳಿದಳು. ಬೆಳಕಿನ ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ.